ಬಿಸಿಲಿಗೆ ಆಗದ ಮದ್ದು

ಅಕ್ಕ ಈಜು ಕಲಿಸುವವಳು, ಬಿಸಿಲಲ್ಲೇ ಬೆಳೆದ ಮೈ. ಅಮ್ಮ ತೀರಿಹೋದ ಮೇಲೆ ತಂಗಿಯನ್ನು ಓದಿಸಿ ಪ್ರಯೋಗಾಲಯದ ಬಾಗಿಲವರೆಗೆ ತಲುಪಿಸಿದವಳೂ ಅವಳೇ. ಅಲ್ಲಿ ತಂಗಿಯದು ಬೆಳಕು ಬಿದ್ದಾಗ ಮಾತ್ರ ಎಚ್ಚೆತ್ತು ಕ್ಯಾನ್ಸರ್ ಗಡ್ಡೆಯನ್ನು ಕೊಲ್ಲುವ ಔಷಧಿಯ ಕೆಲಸ. ಹಳೆಯ ಔಷಧಿಯಲ್ಲಿ ದೋಷವಿತ್ತು. ಅದನ್ನು ಎಬ್ಬಿಸುವ ಬೆಳಕು ಗಡ್ಡೆಯ ಆಳಕ್ಕೆ ಇಳಿಯುತ್ತಿರಲಿಲ್ಲ. ಸಾಲದ್ದಕ್ಕೆ ಅದು ವಾರಗಟ್ಟಲೆ ಚರ್ಮದಲ್ಲೇ ಕೂತು, ಬಿಸಿಲು ತಾಗಿದರೆ ರೋಗಿಯ ಮೈಯನ್ನೇ ಸುಡುತ್ತಿತ್ತು. ಇವೆರಡೂ ಇಲ್ಲದ ಹೊಸದಕ್ಕಾಗಿ ತಂಗಿ ವರ್ಷಗಳಿಂದ ಹೆಣಗುತ್ತಿದ್ದಳು.

ಅಷ್ಟರಲ್ಲಿ ಅಕ್ಕನ ಅನ್ನನಾಳದಲ್ಲೇ ಗಡ್ಡೆ ಕಾಣಿಸಿತು.

"ನಿನ್ನ ಹೊಸ ಮದ್ದು ಕೊಡ್ಸೇ," ಎಂದಳು ಅಕ್ಕ.

"ಅದಿನ್ನೂ ಇಲಿಗಳ ಹತ್ರಾನೇ ಇದೆ ಕಣಕ್ಕ. ಮನುಷ್ಯರಿಗೆ ಕೊಡೋ ಹಾಗಿಲ್ಲ."

"ಇಲಿಯಾಗಾದ್ರೂ ಹುಟ್ಟಬಾರದಿತ್ತಾ ನಾನು!"

ಹಳೆಯದನ್ನೇ ಚುಚ್ಚಿದರು. ಬಾಯಿಂದ ತೆಳ್ಳನೆಯ ಕೊಳವೆ ಇಳಿಸಿ ಕೆಂಪು ಬೆಳಕು ಹಾಯಿಸಿದರು. ಬಿಸಿಲು ತಾಗದಂತೆ ಭಾವ ಮನೆಯ ಕಿಟಕಿಗಳಿಗೆಲ್ಲ ದಪ್ಪ ಪರದೆ ಹಾಕಿದ. ಗಂಟಲು ಸಡಿಲಾಗಿ ನಾಲ್ಕು ತುತ್ತು ಇಳಿದಾಗ ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಆದರೆ ಆಳದಲ್ಲಿ ಉಳಿದಿದ್ದ ಬೇರು ಬಲುಬೇಗ ಚಿಗುರಿತು.

ಒಂದು ಬೆಳಿಗ್ಗೆ ಅಕ್ಕ ತಂಗಿಯ ಕೈ ಹಿಡಿದಳು. "ಒಂದ್ಸಲ ಈಜುಕೊಳದ ಹತ್ರ ಕರ್ಕೊಂಡು ಹೋಗೇ. ಮಕ್ಕಳು ನೀರಿಗೆ ಧುಮುಕೋದು ನೋಡ್ಬೇಕು."

"ಈಗ ಬೇಡಕ್ಕ, ಮೈಯೆಲ್ಲ ಬೊಬ್ಬೆ ಏಳುತ್ತೆ. ಮುಂದಿನ ವಾರ ಹೋಗೋಣ."

"ಆಯ್ತು ಬಿಡು. ಚಿಕ್ಕೋಳಿದ್ದಾಗ ನೀನು ನನ್ನ ಮಾತು ಕೇಳ್ತಿದ್ದೆ, ಈಗ ನನ್ನ ಸರದಿ."

ಆ ವಾರ ಬರಲೇ ಇಲ್ಲ. ಭಾನುವಾರ ರಕ್ತ ವಾಂತಿಯಾಯಿತು. ಆಸ್ಪತ್ರೆ ತಲುಪುವ ಮೊದಲೇ, ಭಾವನ ತೊಡೆಯ ಮೇಲೆ ಅಕ್ಕ ಹೋದಳು.

ತಂಗಿ ಹಲ್ಲು ಕಚ್ಚಿ ದುಡಿದಳು. ವರ್ಷಗಳು ಉರುಳಿದ ಮೇಲೆ ಹೊಸ ಔಷಧಿ ಮನುಷ್ಯರ ಪರೀಕ್ಷೆಗೆ ಬಂತು. ಮೊದಲು ಅದನ್ನು ಪಡೆದ ಬಸ್ ಚಾಲಕ ಕೆಲವೇ ದಿನಗಳಲ್ಲಿ ಮೈಮೇಲೆ ಒಂದು ಬೊಬ್ಬೆಯೂ ಏಳದೆ ಆಸ್ಪತ್ರೆಯ ಅಂಗಳದ ಬೆಂಚಿನಲ್ಲಿ ಸುಡುಬಿಸಿಲಿಗೆ ಕೂತು, "ಏನು ಸೆಕೆ ಇದು! ಒಳಗೆ ನಡಿ," ಎಂದು ಹೆಂಡತಿಯ ಮೇಲೆ ರೇಗುತ್ತಿದ್ದ. ಮುಂದಿನ ತಪಾಸಣೆಯಲ್ಲಿ ಅವನ ಗಡ್ಡೆ ಬುಡಸಮೇತ ಕರಗಿತ್ತು.

ಜೊತೆಯವರು ಕೈ ಕುಲುಕಿದರು. ತಂಗಿ ಎಲ್ಲರೆದುರು ನಕ್ಕು, ಮೆಟ್ಟಿಲ ಬಳಿ ಬಂದು ಭಾವನಿಗೆ ಫೋನ್ ಮಾಡಿದಳು.

"ಭಾವ, ಮದ್ದು ಕೆಲಸ ಮಾಡ್ತು."

"ಒಳ್ಳೇದಾಯ್ತಮ್ಮ. ಅವಳಿದ್ದಿದ್ರೆ ಊರಿಗೆಲ್ಲ ಡಂಗುರ ಹೊಡೀತಿದ್ಲು."

"ತಡ ಮಾಡಿಬಿಟ್ಟೆ ಭಾವ."

ಹಾಗನ್ನಬೇಡ ಎಂದನೇನೋ ಭಾವ. ಅವನೂ ಅಳುತ್ತಿದ್ದುದರಿಂದ ಅವಳಿಗೆ ಸರಿಯಾಗಿ ಕೇಳಿಸಲಿಲ್ಲ.