ಬೇಡವೆನ್ನದ ಬಾಯಿ

ಬಿತ್ತನೆಗೆಂದು ಅಟ್ಟದಲ್ಲಿಟ್ಟಿದ್ದ ಆಲೂಗಡ್ಡೆಯನ್ನು ಪಾಪಾತಿ ಒಂದು ಬೆಳಿಗ್ಗೆ ಕೆಳಗಿಳಿಸಿ ಬೇಯಲು ಹಾಕಿದಳು. ಹಿರಿಯ ಎಂಬ ಹೆಸರಿನ ಅವಳ ಗಂಡ ಒಲೆಗೆ ಸೌದೆ ತಂದಿಟ್ಟ. ಮಹಾಯುದ್ಧದ ಕಾಲದಲ್ಲಿ ಗಡ್ಡೆಗೆ ಒಳ್ಳೆಯ ಬೆಲೆಯಿತ್ತು. ಆಮೇಲೆ ಇಳಿಯುತ್ತ ಬಂದು, ಈಗ ಗಾಡಿ ಬಾಡಿಗೆಯೂ ಹುಟ್ಟುತ್ತಿರಲಿಲ್ಲ.

ಆ ವಾರ ಕೋತಗಿರಿಯ ಚಹಾ ಅಂಗಡಿಯಲ್ಲಿ ಮೇಷ್ಟ್ರು ಪತ್ರಿಕೆ ಓದಿ ಹೇಳಿದ್ದರು: ಯುದ್ಧದಲ್ಲಿ ಸೋತು ಹಸಿದ ಜರ್ಮನಿಯವರು ನಾಡನ್ನೇ ಒಬ್ಬನ ಕೈಗೆ ಕೊಟ್ಟರಂತೆ. ಎಂಥ ದಡ್ಡರು ಎಂದು ಹಿರಿಯ ನಕ್ಕಿದ್ದ. ದೂರದವರ ಪೆದ್ದತನಕ್ಕೆ ನಗುವುದು ಸುಲಭ.

ಅವನ ಹಟ್ಟಿಯಲ್ಲಿ ಸೋಮವಾರ ಊರ ಕೂಟ ಸೇರಿದರೆ ಪ್ರತಿ ಮನೆಯೂ ಮಾತಾಡಬೇಕು. ಒಂದು ಮನೆ ಬೇಡವೆಂದರೂ ತೀರ್ಮಾನ ಮುಂದಿನ ಸೋಮವಾರಕ್ಕೆ ಹೋಗುತ್ತಿತ್ತು. ಗಾಡಿ ಇಟ್ಟುಕೊಂಡಿದ್ದ ಹಾಲಿ ಎಂಬವನಿಗೆ ಇದು ಹಿಡಿಸಲಿಲ್ಲ. ಗಟ್ಟಿಗ ಆಸಾಮಿ. ಬೆಟ್ಟದ ಕೆಳಗಿನ ಮೆಟ್ಟುಪಾಳ್ಯದಿಂದ ರಾಗಿ ತಂದು ಮನೆಮನೆಗೆ ಹಂಚಿದ. ನಮ್ಮ ಬಡತನಕ್ಕೆಲ್ಲ ತೊರೆ ತಿರುಗಿಸಿಕೊಂಡ ಮೇಲ್ಹಟ್ಟಿಯವರೇ ಕಾರಣವೆಂದ. ಬೆಲೆ ಬಿದ್ದದ್ದಕ್ಕೂ ತೊರೆಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ. ಹುಡುಗರ ಕೈಗೆ ದೊಣ್ಣೆ ಕೊಟ್ಟು ಸಾಲಾಗಿ ನಿಲ್ಲಿಸತೊಡಗಿದ.

ಕೊನೆಗೆ, ಒಳ್ಳೆಯ ಕಾಲ ಬರುವ ತನಕ ಕೂಟವೇ ಬೇಡ, ತನ್ನ ಮಾತೊಂದೇ ನಡೆಯಲಿ ಎಂದು ಕೂಟದಲ್ಲೇ ಕೇಳಿದ. ಒಂದೊಂದೇ ಮನೆ ಒಪ್ಪಿ, ಸರದಿ ಹಿರಿಯನಿಗೆ ಬಂತು. ಮಹಾಯುದ್ಧಕ್ಕೆ ಕೂಲಿಯಾಗಿ ಹೋಗಿ, ಬಸ್ರಾದಲ್ಲಿ ಸಿಪಾಯಿಗಳ ಹೆಣ ಹೊತ್ತು ಬಂದವನು ಅವನು. ಸಾಲಾಗಿ ನಿಂತ ಹುಡುಗರು ಎಲ್ಲಿಗೆ ಮುಟ್ಟುತ್ತಾರೆಂದು ಚೆನ್ನಾಗಿ ಬಲ್ಲ. ಆ ಸಾಲಿನಲ್ಲಿ ಅವನ ಮಗ ಮಲ್ಲನೂ ಇದ್ದ. ಆದರೆ ಮನೆಯ ಗಡಿಗೆಯಲ್ಲಿ ಬೇಯುತ್ತಿದ್ದದ್ದು ಹಾಲಿಯ ರಾಗಿ. ಹಿರಿಯ ತಲೆ ತಗ್ಗಿಸಿ ಆಗಲಿ ಎಂದ.

ಎರಡು ವರ್ಷದ ಮೇಲೆ, ಹಾಲಿಯ ಮಾತಿನಂತೆ ಮೇಲ್ಹಟ್ಟಿಯವರ ಕಾಲುವೆ ಒಡೆಯಲು ಹೋದ ಮಲ್ಲ ಹೆಣವಾಗಿ ಬಂದ. ಮೇಲ್ಹಟ್ಟಿಯಲ್ಲೂ ಒಬ್ಬ ಸತ್ತ. ಸೇಡು ತೀರಿಸಬೇಕೆಂದು ಹಾಲಿ ಇನ್ನಷ್ಟು ಹುಡುಗರನ್ನು ಕರೆದ.

ಸೋಮವಾರ ಹಿರಿಯ ಒಬ್ಬನೇ ಹೋಗಿ ಕೂಟದ ಕಲ್ಲುಜಗಲಿಯ ಮೇಲೆ ಕುಳಿತ.

"ಕೂಟ ನಿಂತು ಎರಡು ವರ್ಷ ಆತಲ್ಲ, ದೊಡ್ಡಪ್ಪ. ಅಂದು ನೀವೂ ಆಗಲಿ ಅಂದವರೇ," ಎಂದ, ಅಲ್ಲೇ ಹುಡುಗರನ್ನು ಸಾಲಾಗಿ ನಿಲ್ಲಿಸುತ್ತಿದ್ದ ಹಾಲಿ.

"ಅಂದು ಮಾತಾಡಿದ್ದು ಎನ್ನ ಹೊಟ್ಟೆ. ಎನ್ನ ಮನೆ ಮಾತು ಇನ್ನೂ ಬಾಕಿ ಇದೆ. ಬೇಡ."

ಹಾಲಿ ನಕ್ಕ. ಅಷ್ಟರಲ್ಲಿ, ಎಂದೂ ಕೂಟಕ್ಕೆ ಬಾರದ ಪಾಪಾತಿ ಬಂದು ಗಂಡನ ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತಿಗೆ ನೆರೆಮನೆಯ ನಾಗ, ಸಾಲಿನಲ್ಲಿದ್ದ ಮಗನ ಕೈಯ ದೊಣ್ಣೆಯನ್ನು ಕೆಳಗಿಡಿಸಿ, ಅವನನ್ನೂ ಕರೆದುಕೊಂಡು ಬಂದ. ಹಿರಿಯ ಸರಿದು ಆ ಹುಡುಗನಿಗೆ ತನ್ನ ಬಲಗಡೆ ಜಾಗ ಬಿಟ್ಟ. ಮಲ್ಲ ಕೂರಬೇಕಾಗಿದ್ದ ಜಾಗ ಅದು.