ಎರಡು ಬೆರಳು ಬಟ್ಟೆ

ನಿಲುವಂಗಿಯೊಳಗೆ ಎಡತೋಳು ಹೋಯಿತು, ಬಲತೋಳೂ ಹೋಯಿತು. ಬೆನ್ನು ಮಾತ್ರ ಕೂಡಲಿಲ್ಲ. ಮಗಳು ತಾಯಿಯ ದೇಹವನ್ನು ಪಕ್ಕಕ್ಕೆ ಹೊರಳಿಸಿ ಹಿಡಿದುಕೊಂಡಿದ್ದಳು. ಚಿಕ್ಕಮ್ಮ ನಿಲುವಂಗಿಯ ಎರಡು ಅಂಚುಗಳನ್ನು ಉಸಿರು ಬಿಗಿಹಿಡಿದು ಎಳೆದಳು, ಸತ್ತವಳು ಹೊಟ್ಟೆ ಒಳಗೆಳೆದುಕೊಂಡು ಸಹಕರಿಸಿಯಾಳು ಎನ್ನುವಂತೆ. ಗುಂಡಿಗೂ ಕಾಜಕ್ಕೂ ನಡುವೆ ಐದು ಬೆರಳು ಬೆನ್ನು ಹಾಗೇ ಉಳಿಯಿತು.

“ಕಿಡ್ನಿ ಹೋದ್ರೆ ಹೀಗೇ ಕಣೇ. ಕಡ್ಡಿ ಥರ ಇದ್ದೋಳು, ಹೇಗೆ ಊದಿಕೊಂಡಿದ್ದಾಳೆ ನೋಡು,” ಎಂದಳು ಚಿಕ್ಕಮ್ಮ. “ಬೆನ್ನಿಗೆ ಕತ್ತರಿ ಹಾಕಿ ಸೀಳಿಬಿಡೋಣ. ಮಲಗಿಸಿದ ಮೇಲೆ ಯಾರು ನೋಡ್ತಾರೆ?”

“ಜೀವಮಾನದಲ್ಲಿ ಒಂದು ಬಟ್ಟೇನೂ ತಪ್ಪಿ ಕತ್ತರಿಸದೋಳನ್ನ ಸೀಳಿದ ಬಟ್ಟೇಲಿ ಕಳಿಸ್ಲಾ?”

ಚಿಕ್ಕಮ್ಮ ಅಂಚುಗಳನ್ನು ಕೈಬಿಟ್ಟಳು. ಬೀದಿಯವರೆಲ್ಲ ಅವಳಕ್ಕನನ್ನು ಕರೆಯುತ್ತಿದ್ದದ್ದೇ ಕತ್ತರಿಯಮ್ಮ ಎಂದು. ಬೇರೆ ಉಡುಪು ತೊಡಿಸಬಹುದಿತ್ತು. ಆದರೆ ಕೊನೆಯ ವಾರ ನಾಲಿಗೆ ತೊದಲುತ್ತಿದ್ದಾಗಲೂ ಅವಳು ಕೇಳಿದ್ದು ಇದೊಂದನ್ನೇ: ಕಿಟಕಿಯ ಪಕ್ಕದ ಗೂಟದಲ್ಲಿ ಒಂಬತ್ತು ವರ್ಷ ನೇತಾಡಿದ, ಒಮ್ಮೆಯೂ ತೊಡದ ಈ ನೀಲಿ ನಿಲುವಂಗಿ. ಶವದ ಗಾಡಿ ಮೂರು ಗಂಟೆಗೆ ಬರುವುದಿತ್ತು. ಈಗ ಒಂದಾಗಿತ್ತು.

ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡಬೇಕೆಂದು ಮಗಳಿಗೆ ಗೊತ್ತಿತ್ತು. ಮಾಡುವ ಕೈ ಇರಲಿಲ್ಲ. ಅವಳ ಬಲಗೈಯ ನಾಲ್ಕು ಬೆರಳುಗಳು ಬೆಂಕಿಯಲ್ಲಿ ಬೆಂದು ಒಂದಕ್ಕೊಂದು ಅಂಟಿಕೊಂಡಿದ್ದವು. ಬೇರೆಯಾಗಿ ಉಳಿದ ಹೆಬ್ಬೆರಳಿಗೆ ವೈದ್ಯರು ತೊಡೆಯ ನುಣ್ಣನೆಯ ಚರ್ಮ ತಂದು ಕೂರಿಸಿದ್ದರು. ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದಳು, ಹೊಲಿಯುವುದು ಬಂದಿರಲಿಲ್ಲ. ಚಿಕ್ಕಮ್ಮನ ಕಣ್ಣಿಗೆ ಪೊರೆ. ಬಟ್ಟೆಯೋ, ಓರೆಗೆ ಕತ್ತರಿಸಿದ ನುಣುಪು ರೇಷ್ಮೆ. ಅಭ್ಯಾಸವಿಲ್ಲದ ಕೈ ತಾಗಿದರೆ ಮುದುಡಿ ಮುಖ ತಿರುಗಿಸುವಂಥದ್ದು.

“ಅದಕ್ಕೆ ತಕ್ಕ ಕೈ ಒಂದಿದೆ,” ಎಂದು ಚಿಕ್ಕಮ್ಮ ಕಿಟಕಿಯ ಕಡೆ ಗದ್ದ ಎತ್ತಿದಳು. “ಬೆಳಿಗ್ಗೆಯಿಂದ ಗೇಟಿನ ಹತ್ರ ಕಂಬದ ಹಾಗೆ ನಿಂತಿದೆ.”

* * *

ಗೇಟಿನ ಹತ್ತಿರ ನಿಂತಿದ್ದವಳು ಮೇಡಂ. ಒಂದು ಕಾಲಕ್ಕೆ ಮೇಡಂ ಎಂದರೆ ಈ ನಗರಕ್ಕೆಲ್ಲ ಒಬ್ಬಳೇ. ಉಡುಪಿನ ಜೊತೆ ಅವಳ ಚಿತ್ರ ಪತ್ರಿಕೆಗಳಲ್ಲಿ ಬರುತ್ತಿತ್ತು. ಉಡುಪು ಹುಟ್ಟುತ್ತಿದ್ದದ್ದು ಕತ್ತರಿಯಮ್ಮನ ಮೇಜಿನ ಮೇಲೆ. ಮೇಡಂಗೂ ಸೂಜಿ ಕೈಗತವೇ; ಆದರೂ ಅವಳು ಕಾಗದದ ಮೇಲೆ ನಾಲ್ಕು ಗೆರೆ ಎಳೆದು ಕೊಟ್ಟರೆ ಅದನ್ನು ಮೈಮೇಲೆ ನಿಲ್ಲುವ ಹಾಗೆ ಮಾಡುವುದು ಇವಳ ಪಾಲು. ಇಪ್ಪತ್ತು ವರ್ಷದಲ್ಲಿ ಇಬ್ಬರ ನಡುವೆ ಇದ್ದ ಜಗಳ ಒಂದೇ. ಕತ್ತರಿಯಮ್ಮ ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡುತ್ತಿದ್ದಳು. ಅರ್ಧ ಬೆರಳಿಗಿಂತ ಹೆಚ್ಚು ಕಂಡರೆ ಮೇಡಂಗೆ ಮೈ ಉರಿಯುತ್ತಿತ್ತು.

“ಇದೇನು ಬೆಳೆಯೋ ಮಕ್ಕಳ ಸಮವಸ್ತ್ರಾನಾ?”

“ಮೈ ಇವತ್ತಿದ್ದ ಹಾಗೆ ನಾಳೆ ಇರಲ್ಲ ಮೇಡಂ.”

“ನನ್ನ ಬಟ್ಟೆ ತೊಡೋರು ನಾಳೆ ಬೇರೆ ಬಟ್ಟೆ ತಗೋತಾರೆ. ಕತ್ತರಿಸು.”

ಕತ್ತರಿಯಮ್ಮ ಕತ್ತರಿಸುತ್ತಿದ್ದಳು. ಮುಂದಿನ ಉಡುಪಿಗೆ ಮತ್ತೆ ಎರಡು ಬೆರಳೇ ಬಿಡುತ್ತಿದ್ದಳು.

ಮೇಡಂ ಹೊಲಿಗೆಮನೆಯಲ್ಲಿ ಇನ್ನೊಂದು ಕಟ್ಟಳೆಯಿತ್ತು. ಉಡುಪು ಪ್ರದರ್ಶನದ ಹಿಂದಿನ ವಾರ ಹೊಲಿಗೆಕೋಣೆಯ ಹಿಂಬಾಗಿಲಿಗೆ ಬೀಗ ಬೀಳುತ್ತಿತ್ತು. ಒಮ್ಮೆ ಯಾರೋ ಆ ಬಾಗಿಲಿನಿಂದ ಹೊಸ ಉಡುಪುಗಳ ಚಿತ್ರ ತೆಗೆದು ಎದುರಾಳಿಗಳಿಗೆ ಮಾರಿದ್ದರು. ಕೀಲಿಯನ್ನು ಮೇಡಂ ಬೆಳ್ಳಿ ಸರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ನೋಡಿದವರು ಅದೂ ಒಂದು ಹೊಸ ಫ್ಯಾಷನ್ ಎಂದುಕೊಂಡರು.

ಕೊನೆಯ ವರ್ಷ ಮೇಡಂ ಒಂದು ಮಾತು ಕೊಟ್ಟಿದ್ದಳು. ಪ್ರದರ್ಶನ ಮುಗಿದು ಚಪ್ಪಾಳೆ ಬೀಳುವಾಗ ಕತ್ತರಿಯಮ್ಮನ ಕೈ ಹಿಡಿದು ವೇದಿಕೆಗೆ ಕರೆದೊಯ್ಯುತ್ತೇನೆ ಎಂದು. ಅದಕ್ಕಾಗಿಯೇ ಕತ್ತರಿಯಮ್ಮ ಮನೆಯಲ್ಲಿ, ಯಾರ ಅಪ್ಪಣೆಯೂ ಇಲ್ಲದೆ, ತನಗೊಂದು ನೀಲಿ ನಿಲುವಂಗಿ ಹೊಲಿದುಕೊಂಡಳು.

* * *

ಅಂಗಳದಲ್ಲಿ ಹತ್ತು ಹನ್ನೆರಡು ಕುರ್ಚಿ. ಮೊದಲ ಕುರ್ಚಿಯಲ್ಲಿ ಇಸ್ತ್ರಿಯಣ್ಣ ಕೂತಿದ್ದ. ಮೇಡಂ ಬಳಿ ಅವನು ಇಸ್ತ್ರಿ ಮಾಡುತ್ತಿದ್ದ, ಅವನ ಹೆಂಡತಿ ಗುಂಡಿ ಹಾಕುತ್ತಿದ್ದಳು. ಮಗಳು ಅವನನ್ನು ಮಾವ ಎನ್ನುತ್ತಿದ್ದಳು. ನಿಲುವಂಗಿಯ ಸಂಗತಿ ಕೇಳಿ ಅವನು ಗೇಟಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

“ಅವಳು ಈ ಹೊಸ್ತಿಲು ದಾಟಿದ್ರೆ ನಾನು ಎದ್ದು ಹೋಗ್ತೀನಮ್ಮ. ಇವತ್ತು ಸೂಜಿ ಹಿಡ್ಕೊಂಡು ಬರ್ತಾಳೆ, ನಾಳೆ ಆ ಕಾಗದ ಹಿಡ್ಕೊಂಡು ಬರ್ತಾಳೆ.”

ಕಾಗದ ಎಂದರೆ ಎಲ್ಲರಿಗೂ ಗೊತ್ತಿತ್ತು. ಹೊಲಿಗೆ ಕಲಿಸುವ ಒಂದು ಶಾಲೆ ಮೇಡಂಗೆ ಕೆಲಸ ಕೊಡಲು ಮುಂದೆ ಬಂದಿತ್ತು. ಆದರೆ ಅವಳಿಂದ ನೊಂದವರಲ್ಲಿ ಒಬ್ಬರಾದರೂ ಒಪ್ಪಿ ಬರೆದುಕೊಡಬೇಕು, ಇಲ್ಲದಿದ್ದರೆ ಇಲ್ಲ ಎಂದಿತ್ತು. ಎರಡು ತಿಂಗಳ ಹಿಂದೆ ಎರಡು ಮನೆಗೆ ಎರಡು ಕಾಗದ ಬಂದವು. ಇಸ್ತ್ರಿಯಣ್ಣ ತನ್ನದನ್ನು ಒಲೆಗೆ ಹಾಕಿದ. ಇನ್ನೊಂದು ಮಗಳ ಹೆಸರಿಗೆ ಬಂದದ್ದು. ಕತ್ತರಿಯಮ್ಮ ಅದನ್ನು ಓದಿಸಿ ಕೇಳಿ, ಹೊಲಿಗೆಯಂತ್ರದ ಸೆಳೆಖಾನೆಯಲ್ಲಿಟ್ಟು, “ಕೈ ನಿಂದು. ನಾನು ಹೂಂ ಅನ್ನಲ್ಲ, ಊಹೂಂ ಅನ್ನಲ್ಲ” ಎಂದಿದ್ದಳು. ನಾಡಿದ್ದು ಕೊನೆಯ ದಿನ. ಮಗಳು ಇನ್ನೂ ಸೆಳೆಖಾನೆ ತೆರೆದಿರಲಿಲ್ಲ.

ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಮೂರು ವರ್ಷ ಜೈಲಿನಲ್ಲಿ ಇದ್ದು ಬಂದವಳನ್ನು ಇನ್ನೆಷ್ಟು ವರ್ಷ ಗೇಟಿನಲ್ಲಿ ನಿಲ್ಲಿಸುವುದು ಎಂದು ಕೇಳಿದಳು. ಹಾವಿಗೆ ಹಾಲೆರೆಯುವುದು ಬೇಡ ಎಂದು ಹಿಂದಿನ ಸಾಲಿನಿಂದ ಯಾರೋ ಗೊಣಗಿದರು.

“ನನ್ನ ಹೆಂಡ್ತಿಗೆ ಯಾರು ಕೊಟ್ರು ಇನ್ನೊಂದು ಅವಕಾಶ?” ಎಂದ ಇಸ್ತ್ರಿಯಣ್ಣ.

“ಅವಳಿಗೆ ಯಾರೂ ಕೊಡಲಿಲ್ಲ,” ಎಂದಳು ಚಿಕ್ಕಮ್ಮ. “ನಿಂಗೆ ನಮ್ಮಕ್ಕ ಕೊಟ್ಲು.”



* * *

ಆ ಕೊನೆಯ ವರ್ಷ ಬೆಂಕಿ ಬಿದ್ದಾಗ ಮೇಡಂ ಪ್ರದರ್ಶನದ ಸಭಾಂಗಣದಲ್ಲಿದ್ದಳು. ಉಡುಪುಗಳ ಕೊನೆಯ ತಿದ್ದುಪಡಿಗೆ ಕತ್ತರಿಯಮ್ಮನೂ ಜೊತೆಗಿದ್ದಳು. ಹೊಲಿಗೆಕೋಣೆಯಲ್ಲಿ ಮಗಳೂ ಸೇರಿ ಐದು ಜನ. ಮುಂಬಾಗಿಲ ಬಳಿ ರಾಶಿ ಹಾಕಿದ್ದ ಬಟ್ಟೆಗೆ ಕಿಡಿ ತಾಗಿತು. ಎಲ್ಲರೂ ಹಿಂಬಾಗಿಲಿಗೆ ಓಡಿದರು. ಕಾದ ಕಬ್ಬಿಣದ ಚಿಲಕವನ್ನು ಹಿಡಿದು ಮಗಳು ಎಳೆಯುತ್ತಲೇ ಇದ್ದಳು. ಹೊರಗಿನವರು ಬಾಗಿಲು ಒಡೆಯುವ ಹೊತ್ತಿಗೆ ಗುಂಡಿ ಹಾಕುವವಳ ಜೀವ ಹೋಗಿತ್ತು.

ಕೀಲಿ ಕತ್ತರಿಯಮ್ಮನ ಬಳಿ ಇತ್ತು, ಬಾಗಿಲು ತೆರೆದಿಟ್ಟು ಬರಲು ಅವಳು ಮರೆತಳು. ವಿಚಾರಣೆಯಲ್ಲಿ ಮೇಡಂ ಹೀಗೆ ಹೇಳಿದಳು. ಕತ್ತರಿಯಮ್ಮ ಅಲ್ಲ ಎಂದಳು, ಯಾರೂ ಕೇಳಲಿಲ್ಲ. ಎಂಟು ತಿಂಗಳು ಅವಳು ಬೀದಿಯಲ್ಲಿ ತಲೆ ತಗ್ಗಿಸಿ ನಡೆದಳು. ಇಸ್ತ್ರಿಯಣ್ಣ ಒಂದು ದಿನ ಎಲ್ಲರೆದುರು ಅವಳ ಮುಖಕ್ಕೆ ಉಗಿದ. ಅವಳು ಸೆರಗಿನಿಂದ ಒರೆಸಿಕೊಂಡು ಮನೆಗೆ ಬಂದು, ಮಗಳ ಕೈಗೆ ಮುಲಾಮು ಹಚ್ಚಿದಳು.

ಎಂಟು ತಿಂಗಳಾದ ಮೇಲೆ ಒಂದು ಹಳೆಯ ಪತ್ರಿಕೆಯಲ್ಲಿ ಮಗಳು ಆ ಚಿತ್ರ ಕಂಡಳು. ಬೆಂಕಿ ಬಿದ್ದ ದಿನವೇ ಸಭಾಂಗಣದಲ್ಲಿ ತೆಗೆದದ್ದು. ಮೇಡಂ ನಗುತ್ತಿದ್ದಾಳೆ, ಕೊರಳಲ್ಲಿ ಬೆಳ್ಳಿ ಸರ, ಸರದ ತುದಿಗೆ ಮೂರು ಹಲ್ಲಿನ ಕೀಲಿ.

ಸುಳ್ಳು ಬಯಲಾಗಿ ಮೇಡಂ ಜೈಲಿಗೆ ಹೋದ ವಾರ ಇಸ್ತ್ರಿಯಣ್ಣ ಬಂದು ಬಾಗಿಲಲ್ಲಿ ನಿಂತ. ಕತ್ತರಿಯಮ್ಮ ಅವನನ್ನು ನೋಡಿ, “ಊಟ ಆಯ್ತಾ?” ಎಂದು ಕೇಳಿದಳು. ಅಷ್ಟೇ.

* * *

ಮಗಳು ಗೇಟಿಗೆ ಹೋದಳು. ಮೇಡಂ ಕೂದಲು ಪೂರ್ತಿ ಬಿಳಿಯಾಗಿತ್ತು. ಅಂಗಿಯ ತೋಳು ಸವೆದಿತ್ತು. ಆದರೂ ಅದು ಅವಳ ಹೆಗಲ ಮೇಲೆ ಕೂತ ರೀತಿಯಲ್ಲಿ ಹಳೆಯ ಠೀವಿ ಉಳಿದಿತ್ತು.

“ಅಮ್ಮನ ನಿಲುವಂಗಿ ಹಿಡೀತಿಲ್ಲ. ಪಕ್ಕದ ಹೊಲಿಗೆ ಬಿಚ್ಚಬೇಕು.” ಮೇಡಂ ಎಂದು ಕರೆಯಬಾರದು ಎಂದುಕೊಂಡಿದ್ದಳು. “ಬರ್ತೀರಾ ಮೇಡಂ?”

“ಮೊದಲು ಕೈ ತೊಳೀಬೇಕು,” ಎಂದಳು ಮೇಡಂ.

ಅವಳು ಒಳಗೆ ಬರುವಾಗ ಇಸ್ತ್ರಿಯಣ್ಣ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಬೀದಿಗೆ ನಡೆದ. ಕೋಣೆಗೆ ಬಂದ ಮೇಡಂ ಅಭ್ಯಾಸಬಲದಿಂದ ಚಿಲಕ ಹಾಕಲು ಕೈ ಹಿಂದೆ ಚಾಚಿದಳು.

“ಅಲ್ಲಿ ಚಿಲಕ ಇಲ್ಲ,” ಎಂದಳು ಮಗಳು. “ಮನೇಲಿ ಎಲ್ಲೂ ಇಲ್ಲ. ಅಮ್ಮ ಎಲ್ಲಾನೂ ಕೀಳಿಸಿದ್ಲು.”

ಮೇಡಂ ಕೈ ಹಿಂತೆಗೆದುಕೊಂಡಳು. ಚಿಕ್ಕಮ್ಮ ಬಾಗಿಲಿಗೆ ಹೊದಿಕೆ ಹಿಡಿದು ನಿಂತಳು. ನಿಲುವಂಗಿಯನ್ನು ಕಳಚಿ ಮೇಜಿನ ಮೇಲೆ ಹರಡಿದರು. ಸೂಜಿಗಾಗಿ ಮೇಡಂ ಸೆಳೆಖಾನೆ ಎಳೆದಳು. ಮೇಲೆಯೇ ಕಾಗದವಿತ್ತು, ಅವಳು ಕಳಿಸಿದ್ದೇ. ಅದರ ಕೊನೆಯಲ್ಲಿ ಸಹಿಯ ಜಾಗ ಖಾಲಿ. ಒಂದು ಗಳಿಗೆ ನೋಡಿದಳು. ಸೂಜಿಯ ಡಬ್ಬಿ ತೆಗೆದುಕೊಂಡು ಸೆಳೆಖಾನೆ ತಳ್ಳಿದಳು.

ಒಂದೊಂದೇ ಹೊಲಿಗೆ ಬಿಚ್ಚುತ್ತ ಬಂದಂತೆ ಒಳಗಿನ ಬಟ್ಟೆ ಬಿಡಿಸಿಕೊಂಡಿತು. ಎರಡು ಬೆರಳು. ಎರಡೂ ಪಕ್ಕದ ನಾಲ್ಕು ಪದರ ಸೇರಿ ಎಂಟು. ಹೊಸ ಹೊಲಿಗೆಗೆ ಅರ್ಧರ್ಧ ಬಿಟ್ಟರೂ ಆರು. ಬೇಕಾದದ್ದು ಐದು. ಮೇಡಂ ಆ ಪಟ್ಟಿಯ ಮೇಲೆ ಬೆರಳಾಡಿಸಿದಳು. ಹೊರಗಿನ ಬಟ್ಟೆ ಒಂಬತ್ತು ವರ್ಷದ ಬಿಸಿಲಿಗೆ ಮಾಸಿ ಬೂದಿಬಣ್ಣಕ್ಕೆ ತಿರುಗಿತ್ತು; ಒಳಗಿನದು ಕೊಂಡ ದಿನದ ನೀಲಿ.

ಮಗಳು ತನ್ನ ಬೆಂದ ಕೈಯನ್ನು ಭಾರದ ಕಲ್ಲಿನಂತೆ ಬಟ್ಟೆಯ ಮೇಲಿಟ್ಟಳು. ಮೇಡಂ ಹೊಲಿಯತೊಡಗಿದಳು. ಕೈ ನಡುಗಲಿಲ್ಲ. ನಡುಗಿದ್ದರೆ ಚೆನ್ನಾಗಿತ್ತು ಎಂದು ಮಗಳಿಗೆ ಅನ್ನಿಸಿತು.

“ಕೀಲಿ ಅಮ್ಮನ ಹತ್ರ ಇತ್ತು ಅಂತ ಯಾಕೆ ಹೇಳಿದ್ರಿ?”

ಸೂಜಿ ನಿಂತಿತು. ಮತ್ತೆ ಹೊರಟಿತು.

“ಅವಳು ತಡ್ಕೋತಾಳೆ ಅನ್ನಿಸ್ತು. ಎಲ್ಲಾನೂ ತಡ್ಕೊಂಡಿದ್ಲಲ್ಲ.”

ಬಾಗಿಲಲ್ಲಿ ಚಿಕ್ಕಮ್ಮನ ಹೊದಿಕೆ ಸ್ವಲ್ಪ ಕೆಳಗಿಳಿಯಿತು. ಇನ್ನೊಂದು ಪಕ್ಕ ಮೇಲೆ ಬರುವಂತೆ ಬಟ್ಟೆ ತಿರುಗಿಸುತ್ತ ಮಗಳು, ಶಾಲೆಗೆ ಸೇರಿಸಿಕೊಂಡರೆ ಏನು ಕಲಿಸುತ್ತೀರಿ ಎಂದು ಕೇಳಿದಳು.

“ಕತ್ತರಿಸೋದು. ನಂಗೆ ಇನ್ನೇನೂ ಬರಲ್ಲ,” ಎಂದಳು ಮೇಡಂ. ಕೊನೆಯ ಗಂಟು ಹಾಕಿ ಹಲ್ಲಿನಿಂದ ದಾರ ಕಚ್ಚಿದಳು. “ಹಳೇ ಮಡಿಕೆ ಹೋಗ್ಬೇಕು. ಇಸ್ತ್ರಿ ಬೇಕು.”

ಮಗಳು ಬೀದಿಗೆ ಬಂದಳು. ಇಸ್ತ್ರಿಯಣ್ಣ ಹೋಗಿರಲಿಲ್ಲ, ಎದುರು ಗೋಡೆಗೆ ಒರಗಿ ನಿಂತಿದ್ದ. ಅವಳು ನಿಲುವಂಗಿ ಚಾಚಿದಳು. ಅವನು ಹೊಲಿಗೆಯನ್ನು ತಿರುಗಿಸಿ, ಮಗುಚಿ ನೋಡಿದ. ನಂತರ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಮೇಜಿಗೆ ಹೊದಿಕೆ ಹಾಸಿದ. ಮೇಡಂ ಇದ್ದ ಕಡೆಗೆ ಮುಖ ತಿರುಗಿಸಲಿಲ್ಲ. ಬಟ್ಟೆ ಮರಳಿ ಕೊಡುವಾಗ ಮಗಳಿಗೆ ಮಾತ್ರ ಕೇಳುವಂತೆ ಹೇಳಿದ:

“ಮಡಿಕೆ ಹೋಗಿದೆ. ಸೂಜಿ ತೂತು ಹೋಗಲ್ಲ ಕಣಮ್ಮ. ಎಷ್ಟು ತಿಕ್ಕಿದ್ರೂ ಹೋಗಲ್ಲ.”

ಈ ಸಲ ಬೆನ್ನು ಕೂಡಿತು. ಕತ್ತರಿಯಮ್ಮನ ಎರಡೂ ಪಕ್ಕದಲ್ಲಿ, ಕಂಕುಳಿಂದ ಕಾಲಿನವರೆಗೆ, ಬೂದಿಬಣ್ಣದ ನಡುವೆ ಒಂದೊಂದು ಕಡುನೀಲಿ ಪಟ್ಟಿ, ಪಟ್ಟಿಯ ಅಂಚಿಗೆ ಹಳೆಯ ಹೊಲಿಗೆಯ ತೂತುಗಳ ಸಾಲು.

* * *

ಗಾಡಿ ಹತ್ತು ನಿಮಿಷ ಮೊದಲೇ ಬಂತು. ಗಾಡಿಯವನು ದೊಡ್ಡದೊಂದು ಪುಸ್ತಕ ತೆರೆದು, ಶವದ ಹತ್ತಿರದ ಸಂಬಂಧಿ ಯಾರು ಎಂದು ಕೇಳಿದ. ಮುಂದೆ ಬಂದ ಮಗಳ ಕೈ ಕಂಡು, ಹೆಬ್ಬೆಟ್ಟಿಗೆಂದು ಮಸಿಯ ಡಬ್ಬಿಯ ಮುಚ್ಚಳ ತೆಗೆದು ಮುಂದಿಟ್ಟ. ಬೇಡ ಎಂದು ಅವಳು ಎಡಗೈಯಲ್ಲಿ ಪೆನ್ನು ಹಿಡಿದು, ತನ್ನ ಹೆಸರನ್ನು ನಿಧಾನವಾಗಿ, ಒಂದಕ್ಷರವೂ ತಪ್ಪದೆ ಬರೆದಳು.

ದೇಹವನ್ನು ಗಾಡಿಗೆ ಏರಿಸಿದರು. ಮೇಡಂ ಮತ್ತೆ ಗೇಟಿನ ಹೊರಗೆ, ಬೆಳಿಗ್ಗೆ ನಿಂತಿದ್ದ ಜಾಗದಲ್ಲೇ ನಿಂತಿದ್ದಳು. ಜೊತೆಗೆ ಬರಲೇ ಎಂದು ಕೇಳಲಿಲ್ಲ.

“ಒಂದು ನಿಮಿಷ,” ಎಂದು ಮಗಳು ಗಾಡಿಯವನಿಂದ ಮಸಿಯ ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ಸೆಳೆಖಾನೆಯಿಂದ ಕಾಗದ ತೆಗೆದು ಕತ್ತರಿಯಮ್ಮನ ಮೇಜಿನ ಮೇಲೆ ಹರಡಿದಳು. ಪೆನ್ನು ಕಣ್ಣೆದುರೇ ಇತ್ತು. ಮುಟ್ಟಲಿಲ್ಲ. ಬಲಗೈಯ ಹೆಬ್ಬೆರಳನ್ನು ಮಸಿಗೆ ಒತ್ತಿ, ಖಾಲಿ ಜಾಗದ ಮೇಲೆ ಊರಿದಳು.

ಹೊರಗೆ ಬಂದು ಕಾಗದವನ್ನು ಮೇಡಂ ಕೈಗೆ ಕೊಟ್ಟಳು. ಇಸ್ತ್ರಿಯಣ್ಣ ಗಾಡಿಯ ಒಳಗಿನಿಂದ ನೋಡುತ್ತಿದ್ದ.

“ನಾನು ಒಪ್ಪಿದೀನಿ. ಕಲಿಸಿ,” ಎಂದಳು. “ಇದು ಯಾರ ಹೆಬ್ಬೆಟ್ಟು, ಯಾಕೆ ಹೀಗಿದೆ ಅಂತ ಶಾಲೆಯವರು ಕೇಳ್ತಾರೆ. ನೀವೇ ಹೇಳ್ಬೇಕು.”

ಗಾಡಿ ಹೊರಟಿತು. ತಿರುವಿನಲ್ಲಿ ಮಗಳು ಹಿಂದಿನ ಗಾಜಿನಿಂದ ನೋಡಿದಳು. ಮಸಿ ಇನ್ನೂ ಹಸಿಯಾಗಿತ್ತು, ಮಡಿಸುವ ಹಾಗಿರಲಿಲ್ಲ. ಮೇಡಂ ಆ ಕಾಗದವನ್ನು ಎರಡೂ ಅಂಗೈ ಮೇಲೆ ತೆರೆದು ಹಿಡಿದು ನಿಂತಿದ್ದಳು. ಅದರ ಕೆಳಭಾಗದಲ್ಲಿ ಒಂದು ನುಣುಪಾದ ಕಪ್ಪು ಕಲೆ. ಒಂದೇ ಒಂದು ಗೆರೆಯೂ ಅದರಲ್ಲಿ ಮೂಡಿರಲಿಲ್ಲ.