ಹೂಂಗುಟ್ಟಿದ ಕ್ಯಾಸೆಟ್ಟು

"ಯಾರ ದನಿ ಇದು?"

ವಾಸಂತಿ ಯಾರನ್ನೂ ಉದ್ದೇಶಿಸಿ ಕೇಳಿರಲಿಲ್ಲ. ಸ್ಮಶಾನದ ಸಭಾಗೃಹದಲ್ಲಿ ಇರ್ಮಾಳ ಶವಪೆಟ್ಟಿಗೆಯ ಎರಡು ಬದಿಗೂ ಧ್ವನಿವರ್ಧಕಗಳನ್ನು ನಿಲ್ಲಿಸಿದ್ದರು. ಅವುಗಳಿಂದ ಹೊರಡುತ್ತಿದ್ದ ಹೆಣ್ಣುದನಿ ಎಣ್ಣೆ ಹಚ್ಚಿ ಬಾಚಿದ ಕೂದಲಿನಷ್ಟು ನುಣುಪಾಗಿತ್ತು. ಎಲ್ಲಿಯೂ ತೊಡಕಿಲ್ಲ, ಸಿಕ್ಕಿಲ್ಲ.

"ಅಮ್ಮಾ, ಮೆಲ್ಲಗೆ! ಎಲ್ರೂ ತಿರುಗಿ ನೋಡ್ತಿದಾರೆ." ಮಗಳು ಗಾನವಿ ಮೊಣಕೈಯಿಂದ ತಿವಿದಳು.

"ಇದು ಇರ್ಮಮ್ಮನ ದನಿ ಅಲ್ಲ ಕಣೇ."

"ಫಿಲ್ಮಿಂದಂತೆ. ಈ ಹಾಳೇಲಿ ಪ್ರಿಂಟ್ ಮಾಡಿದಾರೆ ನೋಡು. 'ಇರ್ಮಾ ಬೆಲ್ಕಾರಿ, ಅವರದೇ ಮಾತಿನಲ್ಲಿ.'"

ವಾಸಂತಿ ಮಡಿಲಲ್ಲಿದ್ದ ಕೈಚೀಲವನ್ನು ಬಿಗಿಯಾಗಿ ಹಿಡಿದಳು. ಇರ್ಮಾಳದೇ ಮಾತಿನ ಕ್ಯಾಸೆಟ್ಟು ಅದರೊಳಗಿತ್ತು. 'ನನ್ನ ಪೆಟ್ಟಿಗೆಯ ಮುಂದೆ ಇದನ್ನು ಹಾಕಿಸು. ಒಂದು ಸಲ ಸಾಕು' ಎಂದು ಇರ್ಮಾ ಮಾತು ತೆಗೆದುಕೊಂಡಿದ್ದಳು. ಸೋಮವಾರವೇ ಅದನ್ನು ಅವಳ ಮಲಮಗ ಮಾರ್ತೈನನ ಕೈಗೆ ಕೊಡಬೇಕಿತ್ತು. ಕೊಡಲಿಲ್ಲ. ಮಂಗಳವಾರವೂ ಕೊಡಲಿಲ್ಲ. ಇವತ್ತು ಗುರುವಾರ.

ಬಲಗಡೆ ಕೂತಿದ್ದ ಗಂಡ ಅನಂತರಾಮ ಬಗ್ಗಿ ಪಿಸುಗುಟ್ಟಿದ. "ಇನ್ನೂ ಕೊಟ್ಟಿಲ್ವಾ?"

"ಹೂಂ."

"ಹೂಂ ಅಂದ್ರೆ ಕೊಟ್ಟೆ ಅಂತಾನೋ, ಇಲ್ಲ ಅಂತಾನೋ? ಈ ನಿನ್ ಹೂಂನಿಂದಲೇ ಇಷ್ಟೆಲ್ಲಾ ಆಗಿದ್ದು ಮಾರಾಯ್ತಿ."

*

ವಾಗೆನಿಂಗನ್ ಎಂಬ ಆ ಪರದೇಶದ ಊರಿನ ಮನೆಗೆ ಅವರು ಬಂದು ನಾಲ್ಕು ವರ್ಷವಾಗಿತ್ತು. ಅನಂತರಾಮನಿಗೆ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಸಂಶೋಧನೆ. ಒಂದು ಶನಿವಾರ ಬೆಳಿಗ್ಗೆ ವಾಸಂತಿ ಹುರುಳಿಕಾಯಿ ಸೋಸುತ್ತ, ಮೈಸೂರಿನಿಂದ ಅಪ್ಪ ಕಳಿಸಿದ್ದ ಕಾವ್ಯವಾಚನದ ಕ್ಯಾಸೆಟ್ಟನ್ನು ಕೇಳುತ್ತಿದ್ದಳು. ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಮೇಲಿನ ಮನೆಯ ಮುದುಕಿ, ಇರ್ಮಾ.

ಗಲಾಟೆಯ ದೂರೇ ಇರಬೇಕೆಂದು ವಾಸಂತಿ ಟೇಪ್ ರೆಕಾರ್ಡರಿನ ಕಡೆಗೆ ಓಡಿದಳು.

"ನಿಲ್ಲಿಸಬೇಡ," ಎಂದಳು ಮುದುಕಿ ಇಂಗ್ಲಿಷಿನಲ್ಲಿ. ಒರಟು ದನಿ, ಒಣ ತೆಂಗಿನ ಸಿಪ್ಪೆ ಎಳೆದ ಹಾಗೆ. "ಆ ಮನುಷ್ಯ ಹಾಡ್ತಿಲ್ಲ, ಮಾತೂ ಆಡ್ತಿಲ್ಲ. ಏನು ಮಾಡ್ತಿದಾನೆ?"

ಒಬ್ಬರು ಪದ್ಯವನ್ನು ರಾಗದಲ್ಲಿ ಓದುತ್ತಾರೆ, ಪಕ್ಕದಲ್ಲಿ ಕೂತವರು ಅರ್ಥ ಬಿಡಿಸಿ ಹೇಳುತ್ತಾರೆ ಎಂದು ವಾಸಂತಿ ವಿವರಿಸಿದಳು.

"ಒಂದು ಕೆಲಸಕ್ಕೆ ಇಬ್ಬರು! ನನಗೂ ಇಬ್ಬರು ಬೇಕಾಗಿದ್ದರು. ಮುಖ ನನ್ನದು. ಗಂಟಲು ಇನ್ನೊಬ್ಬಳದು."

ಆಮೇಲೆ ಪ್ರತಿ ಶನಿವಾರವೂ ಬಂದಳು. ಅವಳ ಕತೆ ತುಣುಕು ತುಣುಕಾಗಿ ಹುರುಳಿಕಾಯಿಯ ಜೊತೆಗೇ ಹೊರಬಂತು. ಇಟಲಿಯಲ್ಲಿ ನದಿ ಕಡಲು ಸೇರುವ ಕಡೆಯ ಒಂದು ಹಳ್ಳಿಯಲ್ಲಿ ಹಾವುಮೀನು ಹೆಚ್ಚುವವನ ಮಗಳು. ಹದಿನೇಳಕ್ಕೆ ಸಿನಿಮಾದವರ ಕಣ್ಣಿಗೆ ಬಿದ್ದಳು. ಮುಖ ರಾಣಿಯದು, ದನಿ ಮೀನು ಮಾರುವವಳದು ಎಂದನಂತೆ ನಿರ್ಮಾಪಕ. ಅಲ್ಲಿ ಚಿತ್ರ ಮೊದಲು, ಮಾತು ಆಮೇಲೆ. ಇಪ್ಪತ್ತೆರಡು ಚಿತ್ರಗಳಲ್ಲಿ ಅವಳು ನಡೆದಳು, ನಕ್ಕಳು, ಸತ್ತಳು. ಮಾತಾಡಿದ್ದು ಮಾತ್ರ ಬೇರೆ ಹೆಂಗಸು. ದೊಡ್ಡ ಪ್ರಶಸ್ತಿ ಬಂದ ದಿನ ಹಿಂದಿನಿಂದ ಯಾರೋ ಸೊಂಟ ಒತ್ತಿ, 'ಬಗ್ಗಿ ನಮಸ್ಕಾರ ಮಾಡು, ಬಾಯಿ ಬಿಡಬೇಡ' ಎಂದರಂತೆ.

"ದಿರ್ಕ್ ಒಬ್ಬನೇ ನನ್ನ ಒಂದು ಚಿತ್ರವನ್ನೂ ನೋಡಿರಲಿಲ್ಲ," ಎಂದಿದ್ದಳು. ದಿರ್ಕ್ ಅವಳ ಗಂಡ, ಆಲೂಗಡ್ಡೆಯ ತಳಿ ಬೆಳೆಸುವ ವಿಜ್ಞಾನಿ. "ರೈಲಿನಲ್ಲಿ, ಕಿಟಕಿ ಮುಚ್ಚಿ ಅಂತ ಕೇಳಿದೆ. ಪುಸ್ತಕದಿಂದ ತಲೆ ಎತ್ತದೆಯೇ, ಇನ್ನೊಂದು ಸಲ ಹೇಳಿ ಅಂದ. ಅದಕ್ಕೇ ಈ ಚಳಿಯ ದೇಶಕ್ಕೆ ಬಂದೆ."

*

ಮೇ ತಿಂಗಳಲ್ಲಿ ಒಂದು ಶನಿವಾರ ಇರ್ಮಾ ಬಂದು ಅಡುಗೆಮನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಪ್ರಶಸ್ತಿ ತಂದ ಚಿತ್ರದ ಕೊನೆಯ ದೃಶ್ಯ: ತಾಯೊಬ್ಬಳು ಸತ್ತ ಮಗನ ಬೂಟುಗಳ ಮುಂದೆ ಕೂತು ಮಾತಾಡುತ್ತಾಳೆ.

"ಚಿತ್ರೀಕರಣದಲ್ಲಿ ನನ್ನ ದನಿಯಲ್ಲೇ ಹೇಳಿದ್ದೆ. ದೀಪ ಹಿಡಿದವನು ಅತ್ತಿದ್ದ. ಆಮೇಲೆ ಅಳಿಸಿಬಿಟ್ಟರು. ಬರೆದುಕೋ ಅಂತ ಹೇಳ್ತಿಲ್ಲ. ಆ ಯಂತ್ರ ಒತ್ತು."

ವಾಸಂತಿ ಒತ್ತಿದಳು. ಇರ್ಮಾ ಶುರು ಮಾಡಿದಳು. ಇಟಾಲಿಯನ್ನಿನ ಒಂದು ಪದವೂ ವಾಸಂತಿಗೆ ತಿಳಿಯದು. ಆದರೆ ದನಿ ಎಲ್ಲಿ ಏರುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ ಎಂಬುದು ತಿಳಿಯುತ್ತಿತ್ತು. ಚಿಕ್ಕಂದಿನಲ್ಲಿ ರಾಮಮಂದಿರದ ವಾಚನಕ್ಕೆ ಕರೆದುಕೊಂಡು ಹೋಗುವಾಗ ಅಪ್ಪ ಹೇಳುತ್ತಿದ್ದರು: 'ಹೂಂಗುಟ್ಟಬೇಕು ಮಗು. ಇಲ್ದಿದ್ರೆ ಓದೋರಿಗೆ ಎದುರಿಗೆ ಗೋಡೆ ಇದೆ ಅನ್ಸುತ್ತೆ.' ಇರ್ಮಾ ಉಸಿರಿಗೆ ನಿಂತಲ್ಲೆಲ್ಲ ವಾಸಂತಿ ತನಗೆ ಗೊತ್ತಿಲ್ಲದೆಯೇ ಹೂಂ ಎಂದಳು.

ಸಂಜೆ ಕ್ಯಾಸೆಟ್ಟು ಕೇಳಿದ ಅನಂತರಾಮ ಬಿದ್ದು ಬಿದ್ದು ನಕ್ಕ. "ಹದಿನೇಳು ಹೂಂ, ಎರಡು ಕುಕ್ಕರ್ ವಿಷಲ್! ಪಾಪ, ಆ ಯಮ್ಮನಿಗೆ ಈಗ್ಲೂ ಸೋಲೋ ಚಾನ್ಸ್ ಇಲ್ವಲ್ಲೇ."

ವಾಸಂತಿ ನಗಲಿಲ್ಲ. ಮಾರನೆಯ ದಿನವೇ ಮೇಲೆ ಹೋಗಿ ತಪ್ಪೊಪ್ಪಿಕೊಂಡಳು. ಇನ್ನೊಂದು ಸಲ ಮಾಡೋಣ, ಬಾಯಿಗೆ ಸೆರಗು ಇಟ್ಟುಕೊಂಡು ಕೂರುತ್ತೇನೆ ಎಂದಳು. ಇರ್ಮಾ ಭುಜ ಕುಣಿಸಿ, "ನಿನಗೆ ಯಾವಾಗ ಬಿಡುವೋ ಆಗ," ಎಂದಳು.

ಬಿಡುವಾಗಲಿಲ್ಲ. ಗಾನವಿಯ ಪರೀಕ್ಷೆ, ಊರಿಂದ ಬಂದ ನಾದಿನಿ, ಆಮೇಲೆ ಮೈಸೂರಿಗೆ ಆರು ವಾರ. ಸೆಪ್ಟೆಂಬರಿನಲ್ಲಿ ವಾಪಸು ಬಂದಾಗ ಇರ್ಮಾ ಆಸ್ಪತ್ರೆಯಲ್ಲಿದ್ದಳು. ಬಲಗಡೆ ಸ್ವಾಧೀನ ತಪ್ಪಿತ್ತು, ಮಾತು ಪೂರ್ತಿ ನಿಂತಿತ್ತು. ವಾಸಂತಿಯನ್ನು ನೋಡಿ ಬಾಯಿ ತೆರೆದಳು. ಬರೀ ಉಸಿರು ಬಂತು. ಉಸಿರು ನಿಂತ ಕಡೆ ವಾಸಂತಿ ಅಭ್ಯಾಸಬಲದಿಂದ ಹೂಂ ಎಂದುಬಿಟ್ಟಳು. ಆ ಕ್ಷಣ ಇರ್ಮಾಳ ಕಣ್ಣಲ್ಲಿ ಕಂಡದ್ದು ನಗೆಯೋ ಬೈಗುಳವೋ, ಅವಳಿಗೆ ಇವತ್ತಿಗೂ ಗೊತ್ತಿಲ್ಲ.

*

ಸಭಾಗೃಹದ ನುಣುಪು ದನಿ ಮುಗಿಯಿತು. ಹೆಣ ಹೊರುವವರು ಸಿದ್ಧವಾಗಲು ಹತ್ತು ನಿಮಿಷ ಎಂದರು. ಜನ ಕೋಟು ಹಾಕಿಕೊಂಡು ಎದ್ದರು.

"ಅಮ್ಮ, ಆಮೇಲೆ ಕಾಫಿ, ಕೇಕ್ ಇರುತ್ತೆ. ತಿನ್ನಬಹುದಾ?" ಗಾನವಿ ಕೇಳಿದಳು.

"ಮನೆಗೆ ಹೋಗಿ ತಲೆಗೆ ಸ್ನಾನ ಮಾಡೋ ತನಕ ಏನೂ ಇಲ್ಲ."

"ಇದೇನು ನಮ್ಮ ಸೂತಕಾನಾ?" ಎಂದ ಅನಂತರಾಮ. ಹೆಂಡತಿಯ ಮುಖ ನೋಡಿ ಮಾತು ಬದಲಿಸಿದ. "ಹೋಗೇ. ಈಗ ಹೋಗದಿದ್ರೆ ಇನ್ನು ಯಾವತ್ತೂ ಇಲ್ಲ. ನಾವು ಇಲ್ಲೇ ಇರ್ತೀವಿ."

ವಾಸಂತಿ ಹಿಂದಿನ ಕೋಣೆಗೆ ಹೋದಳು. ಧ್ವನಿಯ ಉಪಕರಣಗಳ ಪಕ್ಕ ಮಾರ್ತೈನ್ ನಿಂತಿದ್ದ. ಐವತ್ತರ ಗಂಡಸು, ಅತ್ತು ಮೂಗು ಕೆಂಪಾಗಿತ್ತು. ಕುರ್ಚಿಯಲ್ಲಿ ಕಪ್ಪು ಕೋಟಿನ ತೆಳ್ಳನೆಯ ವೃದ್ಧೆಯೊಬ್ಬಳಿದ್ದಳು.

"ಬನ್ನಿ ಮೇಡಂ," ಎಂದ ಮಾರ್ತೈನ್. "ಇವರು ಕ್ಲೇಲಿಯಾ. ರೋಮಿನಿಂದ ರೈಲಿನಲ್ಲಿ ಬಂದರು. ಈಗ ಕೇಳಿದಿರಲ್ಲ, ಆ ದನಿ ಇವರದು."

ವಾಸಂತಿ ಚೀಲದಿಂದ ಕ್ಯಾಸೆಟ್ಟು ತೆಗೆದು ಮೇಜಿನ ಮೇಲಿಟ್ಟಳು. ಇರ್ಮಾ ಕೇಳಿಕೊಂಡಿದ್ದನ್ನು ಹೇಳಿದಳು. "ಸೋಮವಾರವೇ ಕೊಡಬೇಕಿತ್ತು. ನಾಚಿಕೆಯಾಗಿ ಕೊಡಲಿಲ್ಲ. ನಡುನಡುವೆ ನಾನು ಸದ್ದು ಮಾಡಿದ್ದೇನೆ."

ಮಾರ್ತೈನ್ ಯಂತ್ರಕ್ಕೆ ಹಾಕಿದ. ಒಣಸಿಪ್ಪೆಯ ದನಿ ಕೋಣೆಯಲ್ಲಿ ಎದ್ದಿತು. ಸ್ವಲ್ಪ ನಡೆಯಿತು, ತಡೆಯಿತು. ಹೂಂ. ಮತ್ತೆ ಹೊರಟಿತು. ಹೂಂ. ಬಾಗಿಲ ಹೊರಗೆ ಯಾರೋ ಕಿಸಕ್ಕೆಂದದ್ದು ಕೇಳಿ ವಾಸಂತಿ ತಲೆ ತಗ್ಗಿಸಿದಳು.

ಕ್ಲೇಲಿಯಾಳ ತುಟಿಗಳು ಮೊದಮೊದಲು ಆ ಮಾತುಗಳ ಜೊತೆಗೇ ಅಲುಗಿದವು. ಐದನೆಯ ವಾಕ್ಯಕ್ಕೆ ನಿಂತವು.

"ಇಲ್ಲಿ ನಾನು ದನಿ ಏರಿಸಿದ್ದೆ," ಎಂದಳು ಒಡಕು ಇಂಗ್ಲಿಷಿನಲ್ಲಿ. "ಅವಳು ಇಳಿಸಿದಾಳೆ. ಐದು ದಿನ ಕತ್ತಲೆ ಕೋಣೆಯಲ್ಲಿ ಪರದೆ ಮೇಲೆ ಅವಳ ಬಾಯಿ ನೋಡ್ತಾ ಕೂತಿದ್ದೆ ಕಣಮ್ಮ. ಅವಳು ಹೇಗೆ ಹೇಳಿದ್ದಳು ಅಂತ ಯಾರೂ ನನಗೆ ಕೇಳಿಸಲೇ ಇಲ್ಲ. ಕೇಳಿಸಿ ಅಂತ ನಾನೂ ಕೇಳಲಿಲ್ಲ."

ಕುಕ್ಕರಿನ ವಿಷಲ್ ಕೂಗಿತು. ಮಾರ್ತೈನ್ ಗಡಿಯಾರ ನೋಡಿ ಟೇಪು ನಿಲ್ಲಿಸಿದ.

"ಗೋರಿಯ ಹತ್ತಿರ ಇಟಲಿಯ ರೇಡಿಯೋದವರು ಮೈಕು ಹಿಡಿದು ಕಾಯ್ತಿದಾರೆ. ಇದನ್ನು ಅಲ್ಲಿ ಹೇಗೆ ಹಾಕಲಿ? ಅಮ್ಮನ ಹೆಸರಿಗೆ ಜನ ನಗಬಾರದು." ಅವನು ಕ್ಲೇಲಿಯಾಳ ಮುಂದೆ ಮೊಣಕಾಲೂರಿದ. "ನಿಮಗೆ ಪ್ರತಿ ಪದವೂ ನೆನಪಿದೆ. ಈಗ ಅವಳು ಹೇಳಿದ ಹಾಗೆಯೇ, ಅಲ್ಲಿ ನಿಂತು ನೀವೇ ಹೇಳಿಬಿಡಿ. ಅವಳ ಮಾತೂ ಉಳಿಯುತ್ತೆ, ಸದ್ದೂ ಇರಲ್ಲ."

ವಾಸಂತಿಗೆ ಒಂದು ಗಳಿಗೆ ಎದೆ ಹಗುರಾಯಿತು. ತನ್ನ ಹದಿನೇಳು ಹೂಂಗಳೂ ಯಾರ ಕಿವಿಗೂ ಬೀಳದೆ ಮಣ್ಣಾಗುತ್ತವೆ.

"ಹೇಳಿ ಅಮ್ಮ," ಎಂದಳು. ಹೇಳಿದ ಮೇಲೆ, ತಾನೂ ಇರ್ಮಾಳಿಗೆ ಇನ್ನೊಬ್ಬಳ ಗಂಟಲನ್ನೇ ಕೇಳುತ್ತಿದ್ದೇನೆ ಎಂದು ಹೊಳೆದು ಅವಳ ಕಣ್ಣು ತುಂಬಿತು.

"ಇಲ್ಲ," ಎಂದಳು ಕ್ಲೇಲಿಯಾ.

"ಒಂದೇ ಸಲ," ಎಂದ ಮಾರ್ತೈನ್.

"ಒಂದು ಸಲವೂ ಇಲ್ಲ. ಅವಳೇ ಹೇಳಲಿ."

ಅವಳು ಕೊರಳಿನ ರೇಷ್ಮೆ ವಸ್ತ್ರವನ್ನು ಬಿಚ್ಚಿ, ಮಡಿಸಿ, ಎರಡೂ ಕೈಗಳಿಂದ ತನ್ನ ಬಾಯಿಗೆ ಒತ್ತಿ ಹಿಡಿದು, ಯಂತ್ರದ ಕಡೆಗೆ ಮುಖ ಮಾಡಿ ಕೂತಳು.